ಬೆರಳಿಗೆ ಬಣ್ಣ ತಿಳಿಯುವುದಿಲ್ಲ

ಹನ್ನೊಂದು ವರ್ಷದಿಂದ ಈ ಅಂಕಣ ಬರೆಯುತ್ತಿದ್ದೇನೆ, ಅದಕ್ಕೇ ಜನ ನನ್ನನ್ನು ಕೋ ಮೇಷ್ಟ್ರು ಅನ್ನುತ್ತಾರೆ. ತೈವಾನಿನ ಈ ಜಿಯಾಯಿ ಊರಿನಲ್ಲಿ ನನ್ನ ಬಾಯಿಗೆ ಸಿಗದೆ ಉಳಿದವರು ಬಹಳ ಜನ ಇಲ್ಲ. ಕುರುಡರು ನಡೆಯಲೆಂದು ಹಾಕಿದ ಹಳದಿ ಉಬ್ಬುಗೆರೆಯ ಮೇಲೆ ಸ್ಕೂಟರ್ ನಿಲ್ಲಿಸುವವರಿಗೆ ಬೈದಿದ್ದೇನೆ. ಟರ್ಕಿ ಕೋಳಿ ಅನ್ನದ ಬಟ್ಟಲಲ್ಲಿ ಕೋಳಿ ಕಡಿಮೆ ಮಾಡಿ ಈರುಳ್ಳಿ ಎಣ್ಣೆ ಜಾಸ್ತಿ ಸುರಿಯುವವರಿಗೂ ಬೈದಿದ್ದೇನೆ. ನಾನು ಶಾಲೆ ಬಿಟ್ಟದ್ದು ಹದಿನಾಲ್ಕನೇ ವಯಸ್ಸಿಗೆ. ನೀರಿನ ಪಂಪು ರಿಪೇರಿ ಮಾಡುತ್ತಾ, ಬಿಡಿಭಾಗ ಸುತ್ತಿ ತಂದ ಹಳೆ ಪತ್ರಿಕೆಗಳನ್ನು ಬಿಡಿಸಿ ಓದಿ, ಹಾಗೇ ಬರೆಯಲು ಕಲಿತವನು. ಅದಕ್ಕೇ ಯಾರೂ ನನಗೆ ಟೋಪಿ ಹಾಕಲಾರರು ಅನ್ನುವ ಒಂದು ಜಂಬ ಇತ್ತು. ಓದಿದವರು ಮೋಸ ಹೋಗುತ್ತಾರೆ, ಪಂಪು ಬಿಚ್ಚಿದವನು ಹೋಗುವುದಿಲ್ಲ ಎಂದುಕೊಂಡಿದ್ದೆ.

ಆ ಜಂಬ ಈಗ ಇಲ್ಲ. ಅದನ್ನು ಇಳಿಸಿದವರು ಲಾಯ್ ಬೀಶ್ಯಾ.

ಹಳೇ ಕೆರೆ ಮಾರುಕಟ್ಟೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಬಲಕ್ಕೆ, ನಾಲ್ಕು ಕುರ್ಚಿ ಇವೆ. ಎದೆ ಒರಗಿಸಿ, ಮುಖವನ್ನು ತೂತಿನ ದಿಂಬಿನೊಳಗೆ ಇಟ್ಟು ಕೂರುವ ಕುರ್ಚಿಗಳು. ಕಣ್ಣು ಕಾಣದ ನಾಲ್ವರು ಅಲ್ಲಿ ಅಂಗಮರ್ದನ ಮಾಡುತ್ತಾರೆ. ಆ ಮೂಲೆ ಕಣ್ಣಿನ ತೊಂದರೆ ಇರುವವರಿಗೇ ಮೀಸಲು. ಮೂರು ವರ್ಷಕ್ಕೊಮ್ಮೆ ಮಾರುಕಟ್ಟೆ ಸಮಿತಿ ಕರಾರು ಹೊಸದು ಮಾಡಿಕೊಡಬೇಕು. ನಾಲ್ವರ ಪರವಾಗಿ ಸಹಿ ಹಾಕುವವರು ಬೀಶ್ಯಾ. ವಯಸ್ಸು ಐವತ್ತಾರು, ಬಿಳಿ ಕೋಟು, ಗಿಡ್ಡ ಕೂದಲು, ಎರಡು ಹೆಬ್ಬೆರಳೂ ಹೊರಕ್ಕೆ ಬಾಗಿವೆ. ಪಕ್ಕದ ಕುರ್ಚಿ ಹೋಂಗಣ್ಣನದು. ಎಪ್ಪತ್ತರ ಹತ್ತಿರದವರು, ಹುಟ್ಟಿನಿಂದ ಪೂರ್ತಿ ಕುರುಡು, ಸೊಂಟದಲ್ಲಿ ಸಣ್ಣ ರೇಡಿಯೋ, ಅದರಲ್ಲಿ ಸದಾ ಬೇಸ್‌ಬಾಲ್.

ನನ್ನ ಬಲಭುಜ ಪಂಪುಗಳಿಗೆ ಅರ್ಪಣೆಯಾಗಿ ಬಹಳ ಕಾಲ ಆಯಿತು. ಹಾಗಾಗಿ ನಾಲ್ಕು ವರ್ಷದಿಂದ ಪ್ರತಿ ಮಂಗಳವಾರ ಆ ದಿಂಬಿನ ತೂತಿನಲ್ಲಿ ನನ್ನ ಮುಖ. ನಾಲ್ಕು ವರ್ಷ ಅಂದರೆ ಇನ್ನೂರು ಮಂಗಳವಾರ. ಅಷ್ಟೂ ದಿನ ಅಲ್ಲಿ ಮಾತಾಡಿದ್ದು ಯಾರು ಅಂತ ಕೇಳಿ. ನಾನು. ವಿಷಯ ಏನು ಅಂತ ಕೇಳಿ. ನಾನು.

ಶರತ್ಕಾಲದ ಹುಣ್ಣಿಮೆ ಹಬ್ಬದ ಸಂಚಿಕೆಗೆ ನಮ್ಮ ವಾರಪತ್ರಿಕೆಯ ಸಂಪಾದಕಿ ಫೋನ್ ಮಾಡಿದಳು. “ಕೋ ಮೇಷ್ಟ್ರೇ, ಹಬ್ಬದ ದಿನನಾದ್ರೂ ಯಾರಿಗೂ ಉಗಿಬೇಡಿ. ಜನ ಚಂದ್ರಕಡುಬು ತಿನ್ನೋ ಹೊತ್ತು. ಮನಸ್ಸು ಮುಟ್ಟೋ ಹಂಗೆ ಏನಾದ್ರೂ ಬರೀರಿ.”

ಮನಸ್ಸು ಮುಟ್ಟುವಂಥದ್ದು ನನ್ನ ಬಳಿ ಏನಿದೆ? ಆ ಮಂಗಳವಾರ ಹೊಸ ಕೆಂಪು ಅಂಗಿ ತೊಟ್ಟು ಅದನ್ನೇ ಯೋಚಿಸುತ್ತಾ ಮೆಟ್ಟಿಲು ಹತ್ತಿದೆ. ಬೀಶ್ಯಾ ನನ್ನ ಎದುರು ನಿಂತು, ಭುಜ ಒಂದು ಸಲ ಮುಟ್ಟಿ, “ಓಹೋ, ಇವತ್ತು ಕೆಂಪು ಅಂಗಿ. ಯಾರ ಮದುವೆ?” ಅಂದರು.

ನನ್ನ ಮೈ ಜುಮ್ಮೆಂದಿತು. “ಬೀಶ್ಯಕ್ಕ, ನಿಮಗೆ ಹೆಂಗೆ ಗೊತ್ತಾಯ್ತು?”

“ಬೆರಳಿಗೆ ಎಲ್ಲಾ ಗೊತ್ತಾಗುತ್ತೆ ಮೇಷ್ಟ್ರೇ. ಕೆಂಪು ಸ್ವಲ್ಪ ಬಿಸಿ ಇರುತ್ತೆ.”

ಪಕ್ಕದಲ್ಲಿ ಹೋಂಗಣ್ಣ ಕೆಮ್ಮಿದರು. ಆ ಕೆಮ್ಮಿನೊಳಗೆ ನಗು ಇತ್ತು ಎಂದು ಈಗ ಗೊತ್ತಾಗುತ್ತದೆ. ಅಂದು ನಾನು ಮುಖವನ್ನು ತೂತಿನಲ್ಲಿ ಇಟ್ಟುಕೊಂಡು ಆಗಲೇ ಬರೆಯುತ್ತಿದ್ದೆ.

ಶುಕ್ರವಾರ ಲೇಖನ ಬಂತು. ಅದರ ಸಾಲುಗಳನ್ನು ಪೂರ್ತಿ ಇಲ್ಲಿ ಕೊಡುವಷ್ಟು ನಾಚಿಕೆಗೆಟ್ಟಿಲ್ಲ. ಸ್ವಲ್ಪ ಕೊಡುತ್ತೇನೆ. ‘ಕಗ್ಗತ್ತಲೆಯ ಲೋಕದಲ್ಲಿ ಬದುಕುವ ಈ ತಾಯಿ ಒಂದು ದಿನವೂ ಗೊಣಗಿದವರಲ್ಲ’ ಎಂದು ಬರೆದಿದ್ದೆ. ಬೀಶ್ಯಾ ಗೊಣಗದೆ ಇರುವ ದಿನವನ್ನು ನಾನು ನೋಡಿಯೇ ಇಲ್ಲ. ಬೆಳ್ಳುಳ್ಳಿ ತಿಂದು ಬರುವವರ ಮೇಲೆ, ದಪ್ಪ ಜೀನ್ಸ್ ಹಾಕಿ ಬಂದು ಸೊಂಟ ಒತ್ತಿ ಅನ್ನುವವರ ಮೇಲೆ, ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಹೆಂಡತಿಯ ಜೊತೆ ಜಗಳ ಆಡುವವರ ಮೇಲೆ, ಒಬ್ಬೊಬ್ಬರ ಮೇಲೂ ದೂರು. ಅವರು ತಾಯಿಯೂ ಅಲ್ಲ, ಮದುವೆಯೇ ಆಗಿಲ್ಲ. ಕೊನೆಗೆ ‘ಮುಟ್ಟಿದರೆ ಬಣ್ಣವೂ ತಿಳಿಯುವ ಆ ಬೆರಳುಗಳ ಮುಂದೆ ನಮ್ಮ ಕಣ್ಣುಗಳು ತಲೆ ತಗ್ಗಿಸಲಿ’ ಎಂದು ಮುಗಿಸಿದ್ದೆ. ಕಣ್ಣು ತಲೆ ತಗ್ಗಿಸುವುದು ಹೇಗೆ ಎಂದು ಬರೆಯುವಾಗ ಹೊಳೆಯಲಿಲ್ಲ.

ಆ ವಾರ ಬಂದಷ್ಟು ಓಲೆ ನನಗೆ ಯಾವತ್ತೂ ಬಂದಿರಲಿಲ್ಲ. ಓದಿ ಸ್ಫೂರ್ತಿ ಬಂತು, ಅತ್ತುಬಿಟ್ಟೆ, ಸೊಸೆಗೆ ಓದಿ ಹೇಳಿದೆ. ನಾನೂ ಉಬ್ಬಿದೆ. ಮಂಗಳವಾರ ಮೆಟ್ಟಿಲು ಹತ್ತುವಾಗ ಸನ್ಮಾನಕ್ಕೆ ಹೋಗುವವನ ಹಾಗೆ ಹೋದೆ.

ಕುರ್ಚಿಗಳ ಸುತ್ತ ಜನ. ಒಬ್ಬರೂ ಅಂಗಮರ್ದನಕ್ಕೆ ಬಂದವರಲ್ಲ. ಒಬ್ಬಾಕೆ ಬೀಶ್ಯಾ ಕೈಗೆ ಕರವಸ್ತ್ರ ಕೊಟ್ಟು, “ಇದು ಯಾವ ಬಣ್ಣ ಹೇಳಿ, ಮೊಮ್ಮಗಳಿಗೆ ತೋರಿಸಬೇಕು,” ಎನ್ನುತ್ತಿದ್ದಳು. ಇನ್ನೊಬ್ಬ ಫೋಟೋ ತೆಗೆದು, “ಎಷ್ಟು ಪಾಪ, ಎಷ್ಟು ಧೈರ್ಯ,” ಎಂದು ಮಾವಿನಹಣ್ಣಿನ ಒಣಚೂರಿನ ಪೊಟ್ಟಣ ಇಟ್ಟು ಹೋದ. ಬೆನ್ನುನೋವಿನ ಹಳೆ ಗಿರಾಕಿಗಳು ಗೋಡೆಗೆ ಒರಗಿ ನಿಂತು ನನ್ನನ್ನು ನುಂಗುವ ಹಾಗೆ ನೋಡಿದರು.

ಹೋಂಗಣ್ಣ ನನ್ನ ಚಪ್ಪಲಿ ಸದ್ದು ಹಿಡಿದು ಕರೆದರು. “ಬಂದ್ರಾ ಮೇಷ್ಟ್ರೇ. ನಂಗೊಂದು ಅನ್ಯಾಯ ಆಗಿದೆ. ಪೂರ್ತಿ ಕತ್ತಲೆ ಇರೋದು ನಂಗೆ. ಕಗ್ಗತ್ತಲೆ ಅಂತ ಬರೆದಿದ್ದು ಇವಳಿಗೆ. ನಲವತ್ತು ವರ್ಷ ಸರ್ವೀಸು ನಂದು, ಒಣಮಾವು ಇವಳಿಗೆ.”

“ಹೋಂಗಣ್ಣ, ಸುಮ್ನಿರಿ,” ಅಂದರು ಬೀಶ್ಯಾ. ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ನಾನು ಹೇಳಿದ್ದು ತಮಾಷೆ. ನಿಜವಾಗ್ಲೂ ನಂಬಿದ್ರಾ?”

“ಮತ್ತೆ ಬಣ್ಣ?”

“ಕಂಡಿತು. ನನ್ನ ಎದುರಿಗೇ ನಿಂತಿದ್ರಲ್ಲ.”

ಆಮೇಲೆ, ಇನ್ನೂರು ಮಂಗಳವಾರದಲ್ಲಿ ಮೊದಲ ಸಲ, ಅವರು ಮಾತಾಡಿದರು, ನಾನು ಬಾಯಿ ಮುಚ್ಚಿದೆ.

ಅವರು ಕಡಲ ಕಡೆಯವರು, ಉಪ್ಪಿನ ಗದ್ದೆಗಳ ಊರು. ಹದಿನೇಳಕ್ಕೆ ಬೇಸ್‌ಬಾಲ್ ಕೈಗವಸು ಹೊಲಿಯುವ ಕಾರ್ಖಾನೆಗೆ ಸೇರಿದರು. ದಪ್ಪ ಚರ್ಮಕ್ಕೆ ಬಾರು ಪೋಣಿಸುವ ಕೆಲಸ. ಇಪ್ಪತ್ತಮೂರರ ಹೊತ್ತಿಗೆ ಪಕ್ಕದಲ್ಲಿಟ್ಟ ಕತ್ತರಿ ಕಾಣೆಯಾಗತೊಡಗಿತು. ಕಾಣೆಯಾಗಿದ್ದು ಕತ್ತರಿಯಲ್ಲ, ಪಕ್ಕ. ನೋಟ ವರ್ಷವರ್ಷವೂ ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬಂತು. ಈಗ ಉಳಿದಿರುವುದು ಮಧ್ಯದಲ್ಲಿ ಒಂದು ತೂತು. “ಹಣ್ಣಿನ ರಸ ಕುಡಿಯೋ ಕೊಳವೆ ಇದೆಯಲ್ಲ, ಅದನ್ನ ಕಣ್ಣಿಗೆ ಇಟ್ಕೊಂಡು ಊರು ಸುತ್ತಿ, ಗೊತ್ತಾಗುತ್ತೆ,” ಅಂದರು. ತೂತಿನ ನೇರಕ್ಕೆ ಬಂದ ಗುಂಡಿ, ಅಕ್ಷರ, ಅಂಗಿಯ ಬಣ್ಣ ಕಾಣುತ್ತವೆ. ಅಂಗಿ ತೊಟ್ಟವನ ಮುಖ ಕಾಣಬೇಕಾದರೆ ಹುಡುಕಬೇಕು. ಮುಂದಿನ ಮೆಟ್ಟಿಲು, ಪಕ್ಕದಿಂದ ಬರುವ ಸ್ಕೂಟರು, ಯಾವುದೂ ಇಲ್ಲ.

ಕಾರ್ಖಾನೆಯಲ್ಲಿ ನಾಲ್ಕು ವರ್ಷ ಯಾರಿಗೂ ಹೇಳದೆ, ಬೆಂಚಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಬಾಯಿಪಾಠ ಮಾಡಿ ತಳ್ಳಿದರು. ಒಂದು ದಿನ ಯಾರೋ ಗಾಡಿಯನ್ನು ದಾರಿಯಲ್ಲಿ ಬಿಟ್ಟಿದ್ದರು. ಮುಂದಿನ ಎರಡು ಹಲ್ಲು ಅವರ ಸ್ವಂತದ್ದಲ್ಲ. ಮೂವತ್ತೊಂದಕ್ಕೆ ಅಂಗಮರ್ದನದ ಶಾಲೆ. ಇನ್ನೂರಕ್ಕೂ ಹೆಚ್ಚು ಮೂಳೆ, ಅವಕ್ಕೆ ಅಂಟಿದ ಸ್ನಾಯು, ಎಲ್ಲವನ್ನೂ ಉಬ್ಬುಚುಕ್ಕೆಯ ಲಿಪಿಯಲ್ಲಿ ಕಲಿಯಬೇಕು. ಕೊನೆಯ ಪರೀಕ್ಷೆಯಲ್ಲಿ ಪರೀಕ್ಷಕರೇ ಬೋರಲು ಮಲಗುತ್ತಾರೆ, ಅವರ ಬೆನ್ನೇ ಉತ್ತರಪತ್ರಿಕೆ. ಬೀಶ್ಯಾ ಎರಡು ಸಲ ನಪಾಸಾದರು.

“ಯಾಕೆ?” ಎಂದೆ.

“ಪರೀಕ್ಷಕರು ಹಳೇ ಕಾಲದ ಕುರುಡಜ್ಜ. ಮಲಗಿದ್ದಲ್ಲಿಂದಲೇ ಹೇಳಿದ್ರು, ‘ಮಗಳೇ, ನೀನು ನನ್ನ ಬೆನ್ನನ್ನ ನೋಡ್ತಾ ಇದ್ದೀಯ. ಕುತ್ತಿಗೆ ಬಗ್ಗಿಸಿದ್ದೀಯ, ನಿನ್ನ ಉಸಿರು ನನ್ನ ಕಿವಿಗೆ ಹೊಡೀತಿದೆ. ಮುಂದಿನ ವರ್ಷ ಬಾ’ ಅಂತ. ಆ ತೂತು ಬಿಡೋದಕ್ಕೆ ನಂಗೆ ಆಗ್ತಿರ್ಲಿಲ್ಲ ಮೇಷ್ಟ್ರೇ. ಇದ್ದಿದ್ದೇ ಅಷ್ಟು. ಮೂರನೇ ವರ್ಷ ಕಣ್ಣಿಗೆ ಬಟ್ಟೆ ಕಟ್ಕೊಂಡು ಆರು ತಿಂಗಳು ಅಪ್ಪನ ಬೆನ್ನು ಒತ್ತಿದೆ. ಅಪ್ಪ ಉಪ್ಪಿನ ಗದ್ದೇಲಿ ದುಡಿದೋರು. ಕಲಿಯೋಕೆ ಅಂಥ ಬೆನ್ನು ಸಿಗಲ್ಲ.”

ಇಷ್ಟು ಬರೆದಿದ್ದರೆ ಸಾಕಿತ್ತು. ಇದು ಇನ್ನೂರು ಮಂಗಳವಾರ ನನ್ನ ಬೆನ್ನ ಹಿಂದೆಯೇ ನಿಂತಿತ್ತು. ನನಗೆ ಬೇಕಾದದ್ದು ಪವಾಡ.

ಮರುದಿನವೇ ಸಮಿತಿಯಿಂದ ಕಾಗದ ಬಂತು. ಓದುಗರೊಬ್ಬರು ದೂರು ಕೊಟ್ಟಿದ್ದಾರೆ. ಪತ್ರಿಕೆಯ ತುಣುಕು ಲಗತ್ತಿಸಿದ್ದಾರೆ. ಈ ಹೆಂಗಸು ಅಂಗಿಯ ಬಣ್ಣ ಹೇಳುತ್ತಾಳೆ, ಬಸ್ಸಿನಲ್ಲಿ ಬಿಳಿ ಕೋಲು ಮಡಿಲಲ್ಲಿಟ್ಟು ಫೋನು ಓದುವುದನ್ನೂ ನೋಡಿದವರಿದ್ದಾರೆ, ಇವಳು ಕಳ್ಳ ಕುರುಡಿ. ಕರಾರು ಆ ತಿಂಗಳಿಗೇ ಮುಗಿಯುತ್ತಿತ್ತು. ವಿಚಾರಣೆ ಮುಂದಿನ ಗುರುವಾರ. ಬೀಶ್ಯಾ ಮೇಲೆ ಅನುಮಾನ ಉಳಿದರೆ ನಾಲ್ಕೂ ಕುರ್ಚಿ ಹೋದ ಹಾಗೆ. ಆ ಮೂಲೆಗೆ ನಾಣ್ಯ ಹಾಕಿ ಗೊಂಬೆ ಹಿಡಿಯುವ ಆಟದ ಯಂತ್ರ ಇಡುತ್ತೇವೆಂದು ಕೇಳುವವರು ಆಗಲೇ ಸಾಲು ನಿಂತಿದ್ದರು. ಆ ಯಂತ್ರಕ್ಕೆ ಕಣ್ಣಿನ ಪ್ರಮಾಣಪತ್ರ ಬೇಡ.

ಸುದ್ದಿ ಕೇಳಿ ನಾನು ಓಡಿದೆ. “ಬೀಶ್ಯಕ್ಕ, ನೀವೇನೂ ಹೆದರಬೇಡಿ. ಗುರುವಾರ ನಾನು ಬರ್ತೀನಿ. ಸಮಾಜದ ಕುರುಡುತನ ಅಂತ ಒಂದು ಭಾಷಣ ಬರೀತೀನಿ, ಸಮಿತಿಯವರ ಬೆವರು ಇಳೀಬೇಕು.”

“ಬೇಡ.”

“ಯಾಕೆ?”

“ನಿಮ್ಮ ಬರವಣಿಗೆಯಿಂದ್ಲೇ ಇಲ್ಲಿಗೆ ಬಂದು ನಿಂತಿದ್ದೀನಿ. ಇನ್ನೊಂದು ಬರೆದ್ರೆ ಜೈಲಿಗೇ ಹೋಗ್ತೀನೇನೋ. ಭಾಷಣ ಬೇಡ. ಶುಕ್ರವಾರದ ಪತ್ರಿಕೇಲಿ ನಾಲ್ಕು ಸಾಲು ಹಾಕಿ. ಇವಳಿಗೆ ಅಷ್ಟಿಷ್ಟು ಕಾಣುತ್ತೆ, ನೋಡಿ ಹೇಳಿದ್ಲು, ಬೆರಳಿನ ಮಾತು ತಮಾಷೆ, ನಾನು ನಂಬಿಬಿಟ್ಟೆ ಅಂತ. ತಮಾಷೆ ನಂದು, ಅದರ ತಪ್ಪು ನಂದೇ. ಅಚ್ಚು ಹಾಕ್ಸಿದ್ದು ನಾನಲ್ಲ.”

ಇಲ್ಲಿ ನನ್ನ ನಿಜವಾದ ಯೋಗ್ಯತೆ ಹೊರಗೆ ಬಂತು. ಮನೆಗೆ ಹೋಗಿ ಕೂತು ಮೊದಲು ಯೋಚಿಸಿದ್ದು ನಾಲ್ಕು ಕುರ್ಚಿಯನ್ನಲ್ಲ, ನನ್ನ ಹನ್ನೊಂದು ವರ್ಷವನ್ನು. ತಿದ್ದುಪಡಿ ಹಾಕಿಲ್ಲವೆಂದು ಎಷ್ಟು ಜನರಿಗೆ ಉಗಿದಿದ್ದೇನೆ. ಈಗ ನಾನೇ ಒಂದು ತಮಾಷೆಯನ್ನು ನಿಜವೆಂದು ನಂಬಿದೆ ಎಂದು ಬರೆದರೆ ಅವರೆಲ್ಲ ಹಬ್ಬ ಮಾಡುವುದಿಲ್ಲವೇ? ಮೂರು ಗಂಟೆ ಕೂತು ಒಂದು ತಿದ್ದುಪಡಿ ಬರೆದೆ. ತಿದ್ದುಪಡಿ ಅನ್ನುವುದಕ್ಕಿಂತ ಅದೊಂದು ಹೊದಿಕೆ. ಬೀಶ್ಯಾಗೆ ‘ನೀವು ಓದಬೇಡಿ, ಕಣ್ಣಿಗೆ ಆಯಾಸ’ ಎಂದು ದೊಡ್ಡ ಮನಸ್ಸು ತೋರಿಸಿ, ಅದನ್ನು ಹೋಂಗಣ್ಣನ ಫೋನಿಗೆ ಕಳಿಸಿ, ಹಿಂದೆಯೇ ನಾನೂ ಮಾರುಕಟ್ಟೆಗೆ ಹೋದೆ.

ಹೋಂಗಣ್ಣನ ಫೋನು ಬರೆದದ್ದನ್ನು ಗಟ್ಟಿಯಾಗಿ ಓದುತ್ತದೆ. ಅವರು ಅದನ್ನು ಇಟ್ಟಿರುವ ವೇಗ ನಮ್ಮ ನಿಮ್ಮ ಕಿವಿಗೆ ಜೋಳ ಅರಳಿದ ಹಾಗೆ ಕೇಳುತ್ತದೆ. ನನಗೋಸ್ಕರ ವೇಗ ತಗ್ಗಿಸಿದರು. ಭಾವವೇ ಇಲ್ಲದ ಹೆಣ್ಣು ದನಿಯೊಂದು ಮಾರುಕಟ್ಟೆಯ ಎರಡನೇ ಮಹಡಿಗೆಲ್ಲ ಕೇಳುವಂತೆ ನನ್ನ ಗದ್ಯ ಓದಿತು. ‘ಮಾನವ ಅನುಭವದ ಗಹನ ಸಂಕೀರ್ಣತೆಯಲ್ಲಿ ಕೆಲವೊಮ್ಮೆ ಅರ್ಥದ ಪಲ್ಲಟಗಳು ಸಂಭವಿಸುವುದುಂಟು ಪೂರ್ಣವಿರಾಮ.’

ಕುರ್ಚಿಯಲ್ಲಿ ಮುಖ ಹುದುಗಿಸಿದ್ದ ಮೀನಿನಂಗಡಿಯವನ ಬೆನ್ನು ಕುಲುಕತೊಡಗಿತು.

“ಇನ್ನೊಂದ್ಸಲ ಹಾಕಿ ಅಣ್ಣ,” ಅಂದರು ಬೀಶ್ಯಾ, ಗಂಭೀರವಾಗಿ.

ಮತ್ತೆ ಓದಿತು. ಸತ್ತವರ ಪಟ್ಟಿ ಓದುವ ದನಿಯಲ್ಲಿ.

“ಇದ್ರಲ್ಲಿ ‘ನಾನು’ ಎಲ್ಲಿದೆ ಮೇಷ್ಟ್ರೇ?”

“ಅಂದ್ರೆ?”

“ಹೊಗಳೋವಾಗ ಹತ್ತು ಸಲ ನಾನು ಇತ್ತು. ನಾನು ಕಂಡೆ, ನಾನು ಬೆರಗಾದೆ, ನಾನು ತಲೆಬಾಗಿದೆ. ತಪ್ಪು ಮಾತ್ರ ತಾನೇ ಆಗಿಬಿಡ್ತಾ?”

ಹೋಂಗಣ್ಣ ಸೇರಿಸಿದರು, “ಚೆಂಡು ಕೈಬಿಟ್ಟ ಆಟಗಾರ ಗಾಳಿ ಜಾಸ್ತಿ ಇತ್ತು ಅಂದ ಹಂಗಿದೆ.”

ಅಲ್ಲೇ ನಿಂತು ಬರೆದೆ. ಅವರು ಹೇಳಿದರು, ನಾನು ಬರೆದೆ, ಫೋನು ಓದಿತು. ‘ಲಾಯ್ ಬೀಶ್ಯಾ ಅವರಿಗೆ ನೇರ ಎದುರಿಗಿರುವುದು ಸ್ವಲ್ಪ ಕಾಣುತ್ತದೆ. ನನ್ನ ಅಂಗಿ ಕೆಂಪು ಎಂದು ನೋಡಿಯೇ ಹೇಳಿದರು. ಬೆರಳಿನಿಂದ ತಿಳಿಯಿತು ಎಂದದ್ದು ತಮಾಷೆ. ನಾನು ನಂಬಿದೆ. ಕೇಳಿ ತಿಳಿದುಕೊಳ್ಳಲಿಲ್ಲ. ಕೋ.’ ಆ ಯಂತ್ರದ ದನಿಯಲ್ಲೂ ಇದು ಮನುಷ್ಯನ ಮಾತಿನ ಹಾಗೆ ಕೇಳಿತು. ಹನ್ನೊಂದು ವರ್ಷದಲ್ಲಿ ನಾನು ಬರೆದ ಅತ್ಯಂತ ಚಿಕ್ಕ ಲೇಖನ. ಶುಕ್ರವಾರ ಅಚ್ಚಾಯಿತು. ಬೆಳಗಿನ ತಿಂಡಿಯ ಅಂಗಡಿಯಲ್ಲಿ ಯಾರೋ ಬಿಸಿ ಸೋಯಾಹಾಲಿನ ಲೋಟ ನನ್ನ ಕೈಗಿಟ್ಟು, “ಮುಟ್ಟಿ ಹೇಳಿ ಮೇಷ್ಟ್ರೇ, ಯಾವ ಬಣ್ಣ?” ಅಂದರು. ಅದು ಇವತ್ತಿಗೂ ನಿಂತಿಲ್ಲ.

ಗುರುವಾರದ ವಿಚಾರಣೆಗೆ ಸಾಕ್ಷಿಯಾಗಿ ನನ್ನನ್ನೂ ಕರೆದರು. ಭಾಷಣ ಮಾಡಬಾರದೆಂಬ ಷರತ್ತಿನ ಮೇಲೆ ಬೀಶ್ಯಾ ಒಪ್ಪಿದರು. ಸಮಿತಿಯ ಅಧ್ಯಕ್ಷ ವೇಂಗ್ ಸಾಧು ಮನುಷ್ಯ, ತನಗೂ ಎದುರಿನವರಿಗೂ ಕೆಲಸ ಬೇಗ ಮುಗಿಯಲಿ ಎನ್ನುವ ಜಾತಿ. ಶುರುವಿಗೇ ದಾರಿ ತೋರಿಸಿದರು. “ಅಮ್ಮಾ, ಏನೂ ಕಾಣಲ್ಲ ಅಂತ ಒಂದು ಮಾತು ಹೇಳಿಬಿಡಿ. ಬರ್ಕೋತೀವಿ, ಮುಗೀತು.”

ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಮೇಜಿನ ಕೆಳಗೆ ಅವರ ಪಾದವನ್ನು ಮೆಲ್ಲಗೆ ಒತ್ತಿದೆ ಕೂಡ, ಹೇಳಿಬಿಡಿ ಅಂತ. ನ್ಯಾಯದ ಅಂಕಣಕಾರ.

“ಕಾಣುತ್ತಲ್ಲ,” ಅಂದರು ಬೀಶ್ಯಾ. “ಮೇಷ್ಟ್ರೇ, ಕಾಲು ತೆಗೀರಿ.”

ವೇಂಗ್ ಕೈಗೆ ಸಿಕ್ಕಿದ ಕಡತ ಎತ್ತಿ ಹಿಡಿದರು. “ಇದು?”

“ಸ್ವಲ್ಪ ಎಡಕ್ಕೆ ತನ್ನಿ. ಹಾಂ. ನೀಲಿ. ಹತ್ರ ತಂದ್ರೆ ಮೇಲಿರೋ ಅಕ್ಷರಾನೂ ಓದ್ತೀನಿ. ಈಗ ಒಂದು ಗೇಣು ಬಲಕ್ಕೆ ಸರಿಸಿ. ಹೋಯ್ತು. ನೀವು ಎಲ್ಲಿ ಇಟ್ರೋ ಗೊತ್ತಿಲ್ಲ. ನಿಮ್ಮ ಜೊತೆ ಎಷ್ಟು ಜನ ಕೂತಿದ್ದಾರೋ ಅದೂ ಗೊತ್ತಿಲ್ಲ. ಕೆಮ್ಮಿದವರು ಇಬ್ಬರು.”

ಕೂತಿದ್ದವರು ಐವರು.

“ನಿಮ್ಮ ಕೈಲಿರೋ ಆ ನೀಲಿ ಕಡತದಲ್ಲಿ ನನ್ನ ಕಣ್ಣಿನ ಡಾಕ್ಟರ ಪ್ರಮಾಣಪತ್ರ ಇದೆ. ಮೂರು ವರ್ಷಕ್ಕೊಂದು ಸಲ ಕೊಡ್ತೀನಿ. ನೋಟ ಎಷ್ಟು ಅಗಲ ಇದ್ರೆ ಯಾವ ದರ್ಜೆ ಅಂತ ನಿಯಮದಲ್ಲೇ ಇದೆ. ಪೂರ್ತಿ ಕತ್ತಲೆ ಇರ್ಬೇಕು ಅಂತ ನಿಯಮ ಹೇಳಲ್ಲ, ಜನ ಹೇಳ್ತಾರೆ. ಅದನ್ನ ತೆಗೆದು ಓದಿದ್ರೆ ಇವತ್ತು ನಾನು ನಾಲ್ಕು ಗಿರಾಕಿ ಬಿಟ್ಟು ಬರೋ ಹಂಗಿರ್ಲಿಲ್ಲ.”

ವೇಂಗ್ ಕಡತ ಬಿಚ್ಚಿದರು. ಪ್ರಮಾಣಪತ್ರ ಇತ್ತು. ಹಿಂದಿನದೂ ಇತ್ತು, ಅದರ ಹಿಂದಿನದೂ. ಎಲ್ಲವೂ ಮಡಿಕೆ ಬಿಚ್ಚದ ಹಾಗೆ ಗರಿಗರಿಯಾಗಿದ್ದವು. ಐವರೂ ಒಂದು ಸುತ್ತು ಓದಿದರು, ಓದುವಾಗ ಒಬ್ಬರೂ ತಲೆ ಎತ್ತಲಿಲ್ಲ. ದೂರು ವಜಾ ಆಯಿತು, ಮೂರು ವರ್ಷಕ್ಕೆ ಕರಾರು ಕೊಡುವುದೆಂದೂ ಆಯಿತು. ನನ್ನ ಎದೆಯಿಂದ ಹತ್ತು ಪಂಪಿನ ಭಾರ ಇಳಿಯಿತು. ಗುಮಾಸ್ತೆ ಒಳಗಿನಿಂದ ಕರಾರು ತಂದಳು. ಮೂರು ಹಾಳೆ, ಸಣ್ಣ ಅಕ್ಷರ. ಸಾಕ್ಷಿಯ ಜಾಗದಲ್ಲಿ ಬೆರಳಿಟ್ಟು ತೋರಿಸಿದಳು. ನಾನು ಪೆನ್ನು ತೆಗೆದು ಚೆಂದವಾಗಿ ಸಹಿ ಹಾಕಿದೆ.

ಬೀಶ್ಯಾಗೂ ಜಾಗ ತೋರಿಸಿದಳು. “ಇಲ್ಲಿ ಅಕ್ಕ, ನಾನು ಕೈ ಹಿಡ್ಕೋತೀನಿ.”

“ಮೊದಲು ಓದ್ತೀನಿ.”

ಹಾಳೆಯನ್ನು ಮೂಗಿನ ಹತ್ತಿರಕ್ಕೆ ತಂದು, ತೋರುಬೆರಳನ್ನು ಸಾಲಿನ ಕೆಳಗೆ ಇಟ್ಟು, ತೂತಿನೊಳಗಿಂದ ಒಂದೊಂದೇ ಅಕ್ಷರ ಓದತೊಡಗಿದರು. ಸಾಲು ಮುಗಿದಾಗ ಬೆರಳನ್ನು ಹಿಂದಕ್ಕೆ ಎಳೆದು ಮುಂದಿನ ಸಾಲಿನ ತುದಿ ಹುಡುಕಬೇಕು. ಕೆಲವೊಮ್ಮೆ ಹಳೆಯ ಸಾಲಿಗೇ ಬಂದು, ಮತ್ತೆ ಹುಡುಕಬೇಕು. ಹತ್ತು ನಿಮಿಷವಾಯಿತು, ಒಂದು ಹಾಳೆ. ಊಟದ ಹೊತ್ತು. ಕೆಳಗಿನ ಅಂಗಡಿಗಳಿಂದ ಹುರಿದ ಈರುಳ್ಳಿಯ ವಾಸನೆ ಬರುತ್ತಿತ್ತು. ಸಮಿತಿಯ ಒಬ್ಬರು ಗಡಿಯಾರ ನೋಡಿದರು, ಒಬ್ಬರು ಕುರ್ಚಿ ಸರಿಸಿದರು. ನನಗೂ ಹಸಿವು. “ಬೀಶ್ಯಕ್ಕ, ನಾನು ನೋಡಿದ್ದೀನಿ, ಎಲ್ಲಾ ಸರಿ ಇದೆ,” ಎಂದು ಪಿಸುಗುಟ್ಟಿದೆ. ಅವರ ಬೆರಳು ಮುಂದಿನ ಸಾಲಿನ ತುದಿ ಹುಡುಕುತ್ತಿತ್ತು. ಇಪ್ಪತ್ತೈದು ನಿಮಿಷ, ಎರಡು ಹಾಳೆ.

ಮೂರನೆಯ ಹಾಳೆಯ ನಡುವೆ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅದೇ ಜಾಗಕ್ಕೆ ಬಂತು.

“ಇಲ್ಲಿ ಮೂರು ಕುರ್ಚಿ ಅಂತಿದೆ.”

ವೇಂಗ್ ಗುಮಾಸ್ತೆಯ ಮುಖ ನೋಡಿದರು, ಗುಮಾಸ್ತೆ ಗೋಡೆ ನೋಡಿದಳು. ಕೊನೆಗೆ ವೇಂಗ್ ಅವರೇ ಬಾಯಿ ಬಿಟ್ಟರು. “ಅದು... ದೂರು ಬಂದಾಗ ಒಂದು ಕರಡು ಮಾಡಿದ್ವಿ. ಒಂದು ಕುರ್ಚಿ ಜಾಗಕ್ಕೆ ಯಂತ್ರ ಇಡೋಣ ಅಂತ. ಅದೇ ಬಂದುಬಿಟ್ಟಿದೆ ಅನ್ಸುತ್ತೆ. ವ್ಯವಹಾರಕ್ಕೆ ಏನೂ ತೊಂದರೆ ಇಲ್ಲ ಅಮ್ಮ, ಸಹಿ ಹಾಕಿ, ಆಮೇಲೆ ನೋಡ್ಕೊಳ್ಳೋಣ.”

“ನಾಲ್ಕನೇದು ಹೋಂಗಣ್ಣನ ಕುರ್ಚಿ,” ಅಂದರು ಬೀಶ್ಯಾ. “ಅವರಿಗೆ ಇದನ್ನ ಓದೋಕೆ ಆಗಲ್ಲ. ಸಾಕ್ಷಿಗೆ ಎರಡು ಕಣ್ಣೂ ಸರಿ ಇದೆ, ಸಹಿ ಆಗಲೇ ಹಾಕಿದ್ದಾರೆ.”

ನಾನು ನನ್ನ ಸಹಿ ನೋಡಿಕೊಂಡೆ. ‘ಮೂರು’ ಎನ್ನುವ ಪದದಿಂದ ಸರಿಯಾಗಿ ಎರಡು ಸಾಲು ಕೆಳಗಿತ್ತು. ಇನ್ನೊಬ್ಬರು ಹೀಗೆ ಮಾಡಿದ್ದರೆ ಅವರ ಮೇಲೆ ನಾನು ಎರಡು ವಾರ ಬರೆಯುತ್ತಿದ್ದೆ.

ಗುಮಾಸ್ತೆ ಒಳಗೆ ಹೋಗಿ ಮೂರನೇ ಹಾಳೆಯನ್ನು ಹೊಸದಾಗಿ ಅಚ್ಚು ಮಾಡಿ ತಂದಳು. ಬಿಸಿಯಾಗಿತ್ತು. ವೇಂಗ್ ತಾವೇ ಪೆನ್ನಿನ ಮುಚ್ಚಳ ತೆಗೆದು ಮುಂದೆ ಇಟ್ಟರು. ಬೀಶ್ಯಾ ಪೆನ್ನನ್ನು ಪಕ್ಕಕ್ಕೆ ಸರಿಸಿದರು, ಹಾಳೆಯನ್ನು ಮೂಗಿನ ಹತ್ತಿರಕ್ಕೆ ತಂದರು, ಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟರು. ಈ ಸಲ ನಾನೂ ಪಕ್ಕದಿಂದ ಬಗ್ಗಿ, ಅವರ ಬೆರಳಿನ ಹಿಂದೆಯೇ, ಅಷ್ಟೇ ನಿಧಾನಕ್ಕೆ ಓದಿದೆ.